ನುಸಿ ಹತ್ತದ ಕಡಲೆ

ಮುಜಫರ್ ಮಾಸ್ತರರು ಒಂದೇ ಸಮನೆ ನಡೆದದ್ದನ್ನು ಅಣ್ಣಿಗೇರಿಯಲ್ಲಿ ಕಂಡವರಿಲ್ಲ. ಎರಡು ಹೆಜ್ಜೆ ಇಡುವರು, ನಿಲ್ಲುವರು, ಕಣ್ಣು ಮಿಟುಕಿಸುವರು, ಮತ್ತೆ ಎರಡು ಹೆಜ್ಜೆ. ನಿವೃತ್ತ ಚಿತ್ರಕಲಾ ಶಿಕ್ಷಕರಾದ ಅವರ ಪ್ರಕಾರ ಚಲನೆಯೆಂಬುದು ಲೋಕದಲ್ಲಿ ಎಲ್ಲೂ ಇಲ್ಲ, ಅದು ನೋಡುವವನ ಕಣ್ಣಿನ ಸೃಷ್ಟಿ. ಈ ವೇದಾಂತವನ್ನು ರುಜುವಾತುಪಡಿಸಲು ಅವರು ಹೋದ ಬೇಸಿಗೆಯಿಡೀ ಮಾಳಿಗೆಯ ಮೇಲೆ ಕಪ್ಪು ಕೊಡೆಯಡಿ ಕೂತು, ಕಡಲೆಕಾಳುಗಳನ್ನು ಚಿಮಟಿಗೆಯಿಂದ ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು ಫೋಟೋ ತೆಗೆಯುತ್ತ, ಎರಡು ನಿಮಿಷದ ಚಿತ್ರವೊಂದನ್ನು ಮಾಡಿದರು. ಅದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ವೃತ್ತಗಳು ಅರಳಿ, ಅಲೆಗಳಾಗಿ, ಚದುರುತ್ತವೆ, ಅಷ್ಟೆ. ಆ ದಿನಗಳಲ್ಲಿ ಒಮ್ಮೆ ಪಕ್ಕದ ಮನೆಯ ನಾನು ಮಾಳಿಗೆಯಲ್ಲಿ ಸೀನಿ, ಒಂದು ವಾರದ ಕೆಲಸ ಹಾರಿಸಿ, ತಿಂಗಳುಗಟ್ಟಲೆ ಆ ಮನೆಯ ಚಹಾಕ್ಕೆ ಎರವಾದೆ.

"ಇದೇನ್ರಿ ಅಂತ ಕೇಳದ ನೋಡೋ ಒಬ್ಬ ಮನಶ್ಯಾ ಸಿಕ್ಕರ ಸಾಕ್ರಿ," ಎನ್ನುತ್ತಿದ್ದರು. ಸಿಕ್ಕಿರಲಿಲ್ಲ. ಹೆಂಡತಿ ಶಮೀಮಾಬಿ ಚಿತ್ರವನ್ನು ನೋಡಿ, "ಛಂದ ಕುಣ್ಯಾಕ ಹತ್ಯಾವ. ಇನ್ನರ ಕುದಸ್ಲೇನ್ರಿ?" ಎಂದಿದ್ದರಂತೆ.

ಕಡೆಗೆ, ಕಾಳು ಕೊಟ್ಟಿದ್ದ ಅಡತಿ ವ್ಯಾಪಾರಿ ಹೊಳೆಪ್ಪನವರ ಗೋದಾಮಿನಲ್ಲೇ ಪ್ರದರ್ಶನ ಗೊತ್ತಾಯಿತು. ಮಟಮಟ ಮಧ್ಯಾಹ್ನ ಶಟರ್ ಎಳೆದು, ಗೋಡೆಯ ಮೇಲೆ ಚಿತ್ರ ಬಿಟ್ಟರು. ಚೀಲಗಳ ಮೇಲೆ ಕೂತ ವ್ಯಾಪಾರಿಗಳ ಎದುರು ಕಾಳುಗಳು ಮೆಲ್ಲಗೆ ಹರಿದಾಡಿದವು. ಇದೇನೆಂದು ನಿಜಕ್ಕೂ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ನುಸಿ! ಹೊಳೆಪ್ಪಾ, ನಿನ್ನ ಕಡ್ಲಿಗೆ ನುಸಿ ಹತ್ಯಾವಲೇ!" ಎಂದು ಪಕ್ಕದಂಗಡಿಯ ಮಡಿವಾಳೆಪ್ಪ ಚೀರಿದ್ದೇ ತಡ, ಅರ್ಧ ಸಭೆ ತಾನು ಕೂತ ಚೀಲಕ್ಕೇ ಕೈಹಾಕಿ ಕಾಳು ಪರೀಕ್ಷಿಸತೊಡಗಿತು.

"ಅಳಸ್ರಿ ಮಾಸ್ತರ! ನನ್ನ ಮಾಲಿನ ಹೆಸರ ಕೆಡತೈತಿ," ಎಂದರು ಹೊಳೆಪ್ಪ. ಆ ಚಿತ್ರಕ್ಕೆ ಬೇರೆ ಪ್ರತಿಯಿರಲಿಲ್ಲ. ಮಾಸ್ತರರು ಗೋಡೆಯತ್ತ ಕೈ ತೋರಿಸಿದರು.

"ಒಂದು ನುಸಿ ತೋರಸ್ರಿ. ಇಲ್ಲೇ ಅಳಸ್ತೀನಿ."

ಹೊಳೆಪ್ಪ ಹಟಕ್ಕೆ ಬಿದ್ದರು. ಗೋಡೆಗೆ ಮೂಗು ತಾಗಿಸಿ, ಚಿತ್ರವನ್ನು ಫೋಟೋ ಫೋಟೋಗೂ ನಿಲ್ಲಿಸಿ, ಒಂದೊಂದು ಕಾಳನ್ನೂ ಶೋಧಿಸಿದರು. ಸಭೆ ಚಹಾ ಕುಡಿದು ಚದುರಿತು, ಅವರು ಅಲುಗಲಿಲ್ಲ. ಐದು ಗಂಟೆಗೆ ಕನ್ನಡಕ ತೆಗೆದು ಕೂತರು.

"ಒಂದರಾಗೂ ಇಲ್ರಿ. ಎಲ್ಲಾ ಕಾಳ ಸುಮ್ನ ಕೂತಾವ. ಮತ್ತ ಹರದಾಡಿದ್ದು ಏನ್ರಿ?"

"ನಿಮ್ಮ ಕಣ್ಣರೀ."

ಹೊಳೆಪ್ಪ ಮತ್ತೆ ಕನ್ನಡಕ ಹಾಕಿಕೊಂಡರು. "ಇನ್ನೊಮ್ಮೆ ಬಿಡ್ರಿ," ಎಂದರು. ಮಾಸ್ತರರು ಗುಂಡಿ ಒತ್ತಿದರು.

ಇಂಥ ಹುಚ್ಚಿನವರು ಜೀವಮಾನವಿಡೀ ರಸಿಕನೊಬ್ಬನ ದಾರಿ ಕಾಯುತ್ತಾರೆ. ರಸಿಕರು ಭೇಷ್ ಎಂದು ಎದ್ದುಹೋಗುತ್ತಾರೆ. ಹುಳುಕು ಹುಡುಕಲು ಕೂತವನೇ ಕಡೆಯ ಕಾಳಿನವರೆಗೆ ನೋಡುತ್ತಾನೆ.