ಯುಸ್ತಿನಾ ಕೊಟ್ಟ ದೂರು

ಫ್ಲೋರೆಸ್ ದ್ವೀಪದ ಗುಡ್ಡದ ಮೇಲಿನ ಶಾಲೆಯಲ್ಲಿ ಯುಸ್ತಿನಾ ಹನ್ನೊಂದು ವರ್ಷದಿಂದ ಗುತ್ತಿಗೆ ಟೀಚರು. ಪ್ರತಿ ಜುಲೈನಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯ ಪಟ್ಟಿಯಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಹಾಗಾಗಿ ಅವಳು ಯಾರಿಗೂ ಎದುರಾಡಿದವಳಲ್ಲ.

ಆ ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಶುರುವಾಯಿತು. ಪೇಟೆಯಲ್ಲಿ ನಸುಕಿಗೇ ಬೇಯಿಸಿದ ಅನ್ನ, ಮೀನು ತಿರುವು ದಾರಿಯಲ್ಲಿ ಕುಲುಕುತ್ತ ಶಾಲೆ ಮುಟ್ಟುವಾಗ ಹನ್ನೊಂದೂವರೆ. ಡಬ್ಬಿ ಇಳಿಸಿಕೊಂಡು, 'ಊಟ ಚೆನ್ನಾಗಿದೆ' ಎಂದು ಅಚ್ಚಾದ ಸಾಲಿನ ಕೆಳಗೆ ಸಹಿ ಹಾಕುವುದು ಯುಸ್ತಿನಾಳ ಪಾಲಿಗೆ ಬಂತು. ಎರಡು ಸಲ ಮೀನು ಹಳಸಿದ ವಾಸನೆ ಬಂದರೂ ಹಾಕಿದ್ದಳು. ಮೂರನೆಯ ಸಲವೂ ಹಾಕಿದಳು. ಅಂದು ಒಂಬತ್ತು ಮಕ್ಕಳು ವಾಂತಿ ಮಾಡಿಕೊಂಡರು. ಎರಡನೇ ಕ್ಲಾಸಿನ ಮೆಲ್ದಾ ಎರಡು ದಿನ ಆರೋಗ್ಯ ಕೇಂದ್ರದಲ್ಲಿ ಗ್ಲುಕೋಸ್ ಹಾಕಿಸಿಕೊಂಡು ಮಲಗಿದಳು.

ದಾರಿಯಲ್ಲಿ ಏನೋ ಕಾಯಿ ತಿಂದಿರಬೇಕು ಎಂದರು ಹೆಡ್‌ಮಾಸ್ಟರು. ಪಟ್ಟಿ ಬರುವ ಹೊತ್ತು, ಸುಮ್ಮನಿರು ಎಂದ ಗಂಡ. ಸೋಮವಾರ ಅವಳು ದೂರಿನ ಅರ್ಜಿ ಬರೆದುಕೊಂಡು ಮರದ ಬೆಂಚಿನ ಲಾರಿ ಹತ್ತಿ ಪೇಟೆಗೆ ಹೋದಳು.

ಶಿಕ್ಷಣ ಕಚೇರಿಯ ಅಧಿಕಾರಿ ಹಿಲಾರಿಯುಸ್ ಕಾಫಿ ತರಿಸಿಕೊಟ್ಟು ಎಲ್ಲ ಕೇಳಿಸಿಕೊಂಡರು. ಆಮೇಲೆ ಸಹಿಯ ಹಾಳೆಗಳನ್ನು ತೆಗೆದು ಅವಳ ಮುಂದಿಟ್ಟರು.

"ಇದು ಯಾರ ಸಹಿ ಟೀಚರಮ್ಮ?"

"ನಂದೇ ಸರ್."

"ಹಂಗಾದ್ರೆ ಈ ದೂರು ಮುಂದಕ್ಕೆ ಹೋದ್ರೆ ಮೊದ್ಲು ಸಿಕ್ಕಿಬೀಳೋದು ಯಾರು? ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅವಳು ಅರ್ಜಿಯನ್ನು ಹಿಂದಕ್ಕೆ ಎಳೆದುಕೊಂಡಳು, ಏಳಲೆಂದು ಕುರ್ಚಿಯನ್ನೂ ಸರಿಸಿದಳು. ಮೆಲ್ದಾಳ ಕೈಗೆ ಚುಚ್ಚಿದ್ದ ಸೂಜಿ ನೆನಪಾಯಿತು. ಪೆನ್ನು ಕೇಳಿ ಪಡೆದು ಅರ್ಜಿಯ ಕೊನೆಗೆ ಬರೆದಳು: ವಾಸನೆ ಬಂದರೂ ಮೂರು ಸಲ ಸಹಿ ಹಾಕಿದ್ದು ನಾನು, ತಪ್ಪು ನನ್ನದೂ ಇದೆ.

"ಈಗ ತಗೊಳ್ಳಿ ಸರ್. ಮೊಹರು ಹಾಕಿ ನಂಗೊಂದು ಪ್ರತಿ ಕೊಡಿ."

ಅವರು ಆ ಸಾಲನ್ನು ಎರಡು ಸಲ ಓದಿ, ಮೊಹರು ಒತ್ತಿದರು.

ಆಮೇಲಿನ ದಿನಗಳಲ್ಲಿ ಗುಡ್ಡದ ಕೆಳಗೆ ಜೀಪಿನ ಸದ್ದಾದರೂ ಸಾಕು, ಅವಳ ಕೈಯ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಮೂರನೇ ವಾರ ಕಚೇರಿಯಿಂದ ಇಬ್ಬರು ಬಂದು ಡಬ್ಬಿ ಬಿಚ್ಚಿ ನೋಡಿದರು, ಮಕ್ಕಳನ್ನು ಕೇಳಿದರು, ಅವಳನ್ನು ಒಂದು ಗಂಟೆ ಕೂರಿಸಿಕೊಂಡು ಹೇಳಿಕೆ ಬರೆಸಿಕೊಂಡರು. ಪೇಟೆಯ ಊಟ ನಿಂತಿತು. ಶಾಲೆಯ ಹಿಂದೆಯೇ ಒಲೆ ಹೂಡಿ ತಾಯಂದಿರು ಅಡುಗೆ ಮಾಡಬೇಕೆಂದು ಆದೇಶ ಬಂತು.

ಜುಲೈ ಪಟ್ಟಿಯಲ್ಲಿ ಯುಸ್ತಿನಾಳ ಹೆಸರಿರಲಿಲ್ಲ. ಆದರೂ ಅವಳು ದಿನಾ ಹೋಗಿ ಪಾಠ ಮಾಡಿದಳು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರೇ ಹೊರತು ಬೇಡ ಎನ್ನಲಿಲ್ಲ. ಆಗಸ್ಟ್ ಕೊನೆಗೆ ಪತ್ರ ಬಂತು: ಸಹಿಯ ತಪ್ಪಿಗೆ ಎಚ್ಚರಿಕೆ, ಕೆಲಸ ಆರು ತಿಂಗಳಿಗೆ ಮಾತ್ರ.

ಆರು ತಿಂಗಳಾದ ಮೇಲೇನು ಎಂದು ಗಂಡ ಕೇಳಿದ. ಅದು ಅವಳಿಗೂ ಗೊತ್ತಿರಲಿಲ್ಲ.