ಮೊದಲು ತಾಗಿದವರ ಹಣ್ಣು

ಪುತ್ತಿಗೆಯ ಶಾಲೆಯ ಎದುರಿಗಿದ್ದ ಕಾಟುಮಾವಿನ ಮರದಷ್ಟು ಎತ್ತರದ ಮರ ಮಂಗಳೂರಿನಿಂದ ಮದ್ರಾಸಿನ ತನಕ ಇನ್ನೊಂದಿರಲಿಲ್ಲ. ಅದರಿಂದ ಒಂದು ಹಣ್ಣು ಬಿದ್ದರೆ ಆ ಸದ್ದಿಗೆ ಕುಂಬಳೆಯಲ್ಲಿ ರೈಲು ನಿಲ್ಲುತ್ತಿತ್ತು. ಇದರಲ್ಲಿ ಅರ್ಧ ಸುಳ್ಳೆಂದು ಒಪ್ಪಿಕೊಳ್ಳಬೇಕು. ರೈಲು ನಿಲ್ಲುತ್ತಿದ್ದದ್ದು ನಿಜ. ಅಲ್ಲಿ ಸ್ಟೇಷನ್ ಉಂಟಲ್ಲ, ನಿಲ್ಲದೆ ಎಲ್ಲಿಗೆ ಹೋಗುತ್ತದೆ?

ಆದರೆ ಹಿಲರಿ ಮಾಷ್ಟ್ರನ್ನು ಕೇಳಿದ್ದರೆ ಪೂರ್ತಿ ನಿಜವೆಂದೇ ಹೇಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಬೇಳದ ಇಗರ್ಜಿಯ ಪಕ್ಕದಿಂದ ದಿನಾ ನಡೆದು ಬರುತ್ತಿದ್ದ ಈ ಬಡಕಲು ಮನುಷ್ಯ ಒಬ್ಬರೇ ಆ ಶಾಲೆಗೆ ಮೇಷ್ಟರು, ಹೆಡ್‌ಮೇಷ್ಟರು, ಗಂಟೆ ಹೊಡೆಯುವವರು. ಅವರ ಅಕ್ಷರ ಮುತ್ತಿನ ಹಾಗೆ. ಹಲಗೆಯ ಮೇಲೆ ಆನೆ ಬರೆದರೆ ಅದಕ್ಕೆ ಬೆಲ್ಲ ತಿನ್ನಿಸಬೇಕು ಅನ್ನಿಸಬೇಕು. ಆದರೆ ಆ ಆನೆಯನ್ನು ನೋಡಿದ ಮಗು ಒಂದೂ ಇಲ್ಲ. ಮಕ್ಕಳ ಮೈ ಶಾಲೆಯೊಳಗೆ ಇದ್ದರೂ ಕಣ್ಣು, ಕಿವಿ ಮರದ ಬುಡದಲ್ಲಿರುತ್ತಿದ್ದವು. ಹೊರಗೆ 'ಧೊಪ್' ಎಂದರೆ ಸಾಕು, ಅರ್ಧ ಗೋಡೆ ಹಾರಿ ಇಡೀ ಶಾಲೆ ಖಾಲಿ. ಬಳಪ ಹಿಡಿದ ಮಾಷ್ಟ್ರು ಮತ್ತು ಆನೆ, ಇಬ್ಬರೇ ಉಳಿಯುತ್ತಿದ್ದರು.

ಆ ಮರ ಊರಿನ ದೈವದ್ದು. ಹತ್ತುವ ಹಾಗಿಲ್ಲ, ಕಲ್ಲೆಸೆಯುವ ಹಾಗಿಲ್ಲ, ಒಂದು ಮೊಳೆ ಹೊಡೆಯುವ ಹಾಗಿಲ್ಲ. ತಾನಾಗಿ ಬಿದ್ದದ್ದನ್ನು ತಿನ್ನಬಹುದು. ಯಾರ ಮೈಗೆ ಮೊದಲು ತಾಗಿತೋ ಹಣ್ಣು ಅವರದ್ದು. ಅವರಾಗಿ ಕೊಡದೆ, ಬಿಡದೆ ಇನ್ನೊಬ್ಬರು ಅದಕ್ಕೆ ಕೈಯೊಡ್ಡಿದರೆ ದೈವ ಸುಮ್ಮನಿರುವುದಿಲ್ಲ. ಒಮ್ಮೆ ಹಣ್ಣು ಕೋಣದ ಬೆನ್ನಿಗೆ ಬಿದ್ದಾಗ ಮಕ್ಕಳೆಲ್ಲ ಸುತ್ತ ನಿಂತು, ಕೋಣ ಅದನ್ನು ತಿಂದು ಮುಗಿಸುವ ತನಕ ಜೊಲ್ಲು ನುಂಗುತ್ತಾ ಕಾದಿದ್ದರಂತೆ.

ಮಾಷ್ಟ್ರು ಮಾಡದ ಉಪಾಯವಿಲ್ಲ. ಮಕ್ಕಳನ್ನು ಮರಕ್ಕೆ ಬೆನ್ನು ಹಾಕಿ ಕೂರಿಸಿದರು, ಕಿವಿಗೆ ಬೆನ್ನೆಲ್ಲಿದೆ? ಸಿಟ್ಟಿನಿಂದ ಮೇಜಿಗೆ ಬೆತ್ತ ಬಡಿದರು. ಹಣ್ಣೇ ಬಿತ್ತೆಂದು ಅರ್ಧ ಕ್ಲಾಸು ಹೊರಗೆ ಓಡಿತು. ಬಿದ್ದದ್ದನ್ನೆಲ್ಲ ಹೆಕ್ಕಿಡಲು ಕಿನ್ನಿ ಎಂಬ ಹುಡುಗಿಯನ್ನು ಕಾವಲಿಗೆ ನಿಲ್ಲಿಸಿದರು. ಉಳಿದವರೆಲ್ಲ ಅವಳ ಬಾಯಿ ಅಲ್ಲಾಡುತ್ತದೋ ಎಂದು ಅವಳನ್ನೇ ನೋಡುತ್ತಾ ಕುಳಿತರು.

ಹಿಂದಿನ ವರ್ಷ ಬಂದ ಇನ್ಸ್‌ಪೆಕ್ಟರ್ ವೆಂಕಟಕೃಷ್ಣಯ್ಯನವರು ಖಾಲಿ ಶಾಲೆಗೆ ಪಾಠ ಹೇಳುತ್ತಿದ್ದ ಮಾಷ್ಟ್ರನ್ನು ಕಣ್ಣಾರೆ ಕಂಡಿದ್ದರು. "ಮುಂದಿನ ವರ್ಷವೂ ಹೀಗೇ ಇದ್ದರೆ ಶಾಲೆ ಮುಚ್ಚಿಸುತ್ತೇನೆ," ಎಂದು ಹೇಳಿ ಹೋಗಿದ್ದರು. ಮುಚ್ಚಿದರೆ ಮುಂದಿನ ಶಾಲೆ ಹೊಳೆಯಾಚೆ. ಮಳೆಗಾಲದಲ್ಲಿ ಆ ಹೊಳೆ ದಾಟಿಸಿ ಮಕ್ಕಳನ್ನು ಯಾರು ಕಳಿಸುತ್ತಾರೆ? ಒಬ್ಬೊಬ್ಬರೂ ಎಮ್ಮೆಯ ಹಿಂದೆ ಹೋಗುವವರೇ. ಅದನ್ನು ನೆನೆದರೆ ಮಾಷ್ಟ್ರಿಗೆ ಗಂಜಿ ಇಳಿಯುತ್ತಿರಲಿಲ್ಲ.

ಈ ವರ್ಷ ಇನ್ಸ್‌ಪೆಕ್ಟರು ಬರುವ ಮುನ್ನಾ ದಿನ ಮಾಷ್ಟ್ರು ಶಾಲೆಯ ಮ್ಯಾನೇಜರ್ ಉಗ್ಗಪ್ಪನ ಮನೆಗೆ ಹೋದರು.

"ನಾಳೆ ಒಂದು ದಿನಕ್ಕೆ ಆ ಮರಕ್ಕೆ ಎಂತಾದರೂ ಮಾಡ್ಲಿಕ್ಕೆ ಆಗ್ತದಾ?"

"ದೈವದ ಮರಕ್ಕಾ? ನಿಮಗೆ ಮಂಡೆ ಸಮ ಉಂಟಾ ಮಾಷ್ಟ್ರೇ?" ಎಂದ ಉಗ್ಗಪ್ಪ.

ಒಳಗಿನಿಂದ ಅವನ ತಾಯಿ ಅಕ್ಕು ಕೂಗಿ ಹೇಳಿದಳು: "ಮಕ್ಕಳು ಮರದ ಬುಡಕ್ಕೆ ಓಡುವುದಲ್ವಾ? ಹಾಗಾದ್ರೆ ಬುಡದಲ್ಲೇ ಕೂರಿಸಿ ಮಾರಾಯ್ರೆ. ಮತ್ತೆ ಓಡುವುದು ಎಲ್ಲಿಗೆ?"

ಮುಳುಗುವವನಿಗೆ ಯಾರ ಕೈಯಾದರೇನು? ಮರುದಿನ ಮರದ ಬುಡದಲ್ಲೇ ಶಾಲೆ ಕೂತಿತು. ಮಕ್ಕಳು ಓಡಲಿಲ್ಲ, ನಿಜ. ಆದರೆ ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಕೊಂಬೆಯನ್ನೇ ನೋಡುತ್ತಿದ್ದರು. ಹಲಗೆ ಕೆಳಗಿದ್ದರೆ ಯಾರು ನೋಡುತ್ತಾರೆ? ಮರಕ್ಕೆ ಮೊಳೆ ಹೊಡೆಯುವ ಹಾಗಿಲ್ಲ. ಮಾಷ್ಟ್ರು ಹಲಗೆಯನ್ನು ಎತ್ತಿ ತಮ್ಮ ತಲೆಯ ಮೇಲೆ ಹಿಡಿದು ನಿಂತರು.

ಅಷ್ಟರಲ್ಲಿ ಬಿಳಿ ಟೋಪಿಯ ಇನ್ಸ್‌ಪೆಕ್ಟರು ಬಂದರು.

"ಇದೆಂತ ಸರ್ಕಸ್ಸು ಮಾಷ್ಟ್ರೇ?"

"ಮಕ್ಕಳಿಗೆ ಕಾಣಲಿ ಅಂತ, ಸ್ವಾಮೀ."

ಇನ್ಸ್‌ಪೆಕ್ಟರು ಕುರ್ಚಿ ಎಳೆದು ಕುಳಿತರು. ಅವರ ಟೋಪಿಗೆ ನೇರ ಮೇಲೆ, ಒಂದು ತೊಟ್ಟಿನಲ್ಲಿ, ಹಳದಿಯಾದ ಹಣ್ಣೊಂದು ತೂಗುತ್ತಿತ್ತು. ಮಕ್ಕಳೆಲ್ಲರ ಕಣ್ಣು ಅಲ್ಲಿಗೆ ಹೋಯಿತು. ಇನ್ಸ್‌ಪೆಕ್ಟರಿಗೆ ಮಾತ್ರ ಎಲ್ಲರೂ ತಮ್ಮನ್ನೇ ನೋಡುತ್ತಿರುವ ಹಾಗೆ ಕಂಡಿತು. ಅವರು ಗಂಟಲು ಸರಿಮಾಡಿಕೊಂಡು ನೀತಿಪಾಠ ಶುರು ಮಾಡಿದರು. ಒಂದು ಕೆಮ್ಮಿಲ್ಲ, ಒಂದು ಮಿಸುಕಾಟವಿಲ್ಲ. ಇಷ್ಟು ಗಮನವಿಟ್ಟು ಅವರ ಮಾತನ್ನು ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ.

ಮಾಷ್ಟ್ರಿಗೆ ಹಣ್ಣು ಕಾಣುತ್ತಿತ್ತು. ಹೇಳಿದರೆ ಇವರು ತಲೆಯೆತ್ತಿ ನೋಡುತ್ತಾರೆ, ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ಟೋಪಿ. ಹಲಗೆ ಇಳಿಸುವ ಹಾಗೂ ಇಲ್ಲ. ಪಡುವಣದಿಂದ ಗಾಳಿ ಬೀಸಿತು. ಅವರು ಮೇರಿ ಮಾತೆಯನ್ನು ನೆನೆದು, ಹೊರೆ ಹಂಚಿರಲೆಂದು ಮರದ ದೈವವನ್ನೂ ನೆನೆದು, ಕಣ್ಣು ಮುಚ್ಚಿದರು.

ಧೊಪ್.

ಕಣ್ಣು ತೆರೆದರೆ ಟೋಪಿ ಚಪ್ಪಟೆಯಾಗಿತ್ತು. ಹಣ್ಣು ಇನ್ಸ್‌ಪೆಕ್ಟರ ಮಡಿಲಲ್ಲಿತ್ತು. ಮಕ್ಕಳಲ್ಲಿ ಒಬ್ಬರೂ ಕದಲಿರಲಿಲ್ಲ.

"ಯಾರೂ ಎದ್ದು ಓಡಲಿಲ್ಲವಲ್ಲ," ಎಂದರು ಇನ್ಸ್‌ಪೆಕ್ಟರು, ನಂಬಲಾಗದೆ.

"ಅದು ನಿಮಗೆ ತಾಗಿದ್ದಲ್ವಾ? ನಿಮ್ಮದೇ. ತಿನ್ನಿ," ಎಂದಳು ಕಿನ್ನಿ, ದೊಡ್ಡ ದುಃಖದಿಂದ.

ಇನ್ಸ್‌ಪೆಕ್ಟರು ಹಣ್ಣನ್ನು ಮೂಸಿದರು. ಸುತ್ತ ನೋಡಿ ತುದಿ ಕಚ್ಚಿ ಒಮ್ಮೆ ಚೀಪಿದರು. ಮುಖ ಸಡಿಲವಾಯಿತು. "ಇಂಥ ಶಿಸ್ತು ನಾನು ಬೇರೆಲ್ಲಿಯೂ ಕಂಡಿಲ್ಲ ಮಾಷ್ಟ್ರೇ. ಈಗ ನೀವೊಂದು ಪಾಠ ಮಾಡಿ. ಅದರಲ್ಲಿಯೂ ಹೀಗೇ ಕೂತರೆ ನಿಮ್ಮ ಶಾಲೆಗೆ ಏನೂ ಆಗದು."

ಮಾಷ್ಟ್ರು ಬಾಯಿ ತೆರೆದರು. ಅದೇ ಗಳಿಗೆಗೆ ತಲೆಯ ಮೇಲಿನ ಹಲಗೆಗೆ ಇನ್ನೊಂದು ಹಣ್ಣು ಬಡಿದು, ಜಾರಿ, ಅವರ ಅಂಗಿಯ ಕಿಸೆಗೇ ಬಂದು ಕೂತಿತು.

ಇಷ್ಟು ವರ್ಷ ಬೇಡಿ, ಗದರಿಸಿ, ಆನೆ ಬರೆದು ಸಿಗದ ಮಕ್ಕಳ ಕಣ್ಣುಗಳು ಆಗ ಒಟ್ಟಿಗೆ ಅವರ ಮೇಲೆ ಬಂದು ನಿಂತವು. ಆ ಹಣ್ಣು ಮಾಷ್ಟ್ರದ್ದು. ಅದನ್ನು ಯಾರಿಗೆ ಕೊಡುತ್ತಾರೆ ಎಂಬುದೊಂದೇ ಆ ಕಣ್ಣುಗಳಲ್ಲಿ. ಒಬ್ಬರಿಗೆ ಕೊಟ್ಟರೆ ಅಲ್ಲೇ ಕುರುಕ್ಷೇತ್ರ. ತಾವೇ ತಿಂದರೆ ಅಳುವಿನ ಮಳೆ. ನೆಲಕ್ಕಿಟ್ಟರೆ ಬಿಟ್ಟುಕೊಟ್ಟ ಹಾಗೆ, ಇನ್ಸ್‌ಪೆಕ್ಟರ ಮೇಲೆಯೇ ಹಾದು ಓಡುವರು. ಕೈ ಎರಡೂ ಹಲಗೆಯಲ್ಲಿ, ಕಿಸೆಯಿಂದ ರಸ ಇಳಿಯುತ್ತಿದೆ, ಇನ್ಸ್‌ಪೆಕ್ಟರು "ಹ್ಞೂಂ, ಶುರು ಮಾಡಿ," ಎನ್ನುತ್ತಿದ್ದಾರೆ.

ಶಾಲೆ ಉಳಿಯಿತು, ಇಲ್ಲದಿದ್ದರೆ ಕಿನ್ನಿಯ ಮೊಮ್ಮಗಳು ಅಲ್ಲಿ ಹೇಗೆ ಕಲಿಯುತ್ತಿದ್ದಳು? ಆದರೆ ಆ ಹಣ್ಣನ್ನು ಹಿಲರಿ ಮಾಷ್ಟ್ರು ಎಂತ ಮಾಡಿದರು? ಹೇಳಿ ನೋಡುವ, ನೀವೂ ಶಾಲೆಗೆ ಹೋದವರಲ್ವಾ.