ಮಂಚದಡಿಯ ಇದ್ದಲು

ಮೊದಲ ದಿನ ಅತ್ತೆಯ ಎದೆಯ ಹುಣ್ಣಿನ ಮೇಲಿನ ಬಟ್ಟೆ ಬಿಚ್ಚಿದಾಗ ಇಂದ್ರಮ್ಮನಿಗೆ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದಿತ್ತು. ಹುಲ್ಲುಮೆದೆಯ ಹಿಂದೆ ಹೋಗಿ ಕಾರಿಕೊಂಡು, ಬಾಯಿ ಮುಕ್ಕಳಿಸಿ ಬಂದಳು.

“ಕಾರ್ಕಂಡ್ಯಾ ಅಮ್ಮಿ?” ಅತ್ತೆ ಸಿದ್ದಲಿಂಗಮ್ಮ ಕೇಳಿದಳು.

“ಊಂ ಕಣತ್ತೆ. ಹಿರೀಮಗ ಹೊಟ್ಟೇಲಿದ್ದಾಗ್ಲೂ ಇಂಗೇ ಕಾರ್ತಿದ್ದೆ. ಅವನ್ನೇನು ಬಿಸಾಕ್ಬುಟ್ನಾ?”

ಎದೆಯ ಕ್ಯಾನ್ಸರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಕಳುಹಿಸಿದ್ದರು. ಇಂದ್ರಮ್ಮನ ಗಂಡ ಮಾಯಣ್ಣ ತಾಯಿಯ ಮಂಚವನ್ನು ಕೊಟ್ಟಿಗೆಗೆ ಹಾಕಿಸಿದ. ಸಗಣಿ ವಾಸನೆಯಲ್ಲಿ ಹುಣ್ಣಿನ ವಾಸನೆ ಮುಚ್ಚಿಹೋಗುತ್ತದಂತೆ.

“ನಡುಮನೇಲಿ ಸಾಯ್ತೀನಿ ಕಣವ್ವ,” ಎಂದು ಸಿದ್ದಲಿಂಗಮ್ಮ ದಿನವೂ ಸೊಸೆಯನ್ನು ಕೇಳುವಳು. “ಇಲ್ಲಿ ಸಾಯಕ್ಕೆ ನಾನೇನು ಎಮ್ಮೇನಾ?”

ಸಂತೆಬಾಚಹಳ್ಳಿಯಿಂದ ವಾರಕ್ಕೊಮ್ಮೆ ಬರುತ್ತಿದ್ದ ನರ್ಸು ಜಯಲಕ್ಷ್ಮಮ್ಮ, ಕುದಿಸಿ ಆರಿಸಿದ ಉಪ್ಪುನೀರಲ್ಲಿ ಹುಣ್ಣು ತೊಳೆಯುವುದನ್ನು ಕಲಿಸಿದರು. “ಒಂದು ಮಂಕರಿ ಇದ್ದಲು ಮಂಚದಡಿ ಇಡು, ವಾಸನೆ ಈರ್ಕತದೆ. ಇದು ಅಂಟೋ ರೋಗ ಅಲ್ಲ,” ಅಂದರು.

ಆ ಮಾತನ್ನು ಸಿದ್ದಲಿಂಗಮ್ಮನ ಒಡಹುಟ್ಟಿದ ತಂಗಿ ತಿಮ್ಮಮ್ಮ ನಂಬಲಿಲ್ಲ. ಬೂಕನಕೆರೆಯಿಂದ ಬಂದವಳು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ಮೂಗಿಗೆ ಸೆರಗೊತ್ತಿ, “ಅಕ್ಕಾ, ಉಸಾರಾ?” ಎಂದು ಕೂಗಿದಳು. ಉತ್ತರಕ್ಕೂ ಕಾಯದೆ ನಡುಮನೆಗೆ ಹೋಗಿ ಮಾಯಣ್ಣನ ಪಕ್ಕ ಉಣ್ಣಲು ಕುಳಿತಳು. ಎರಡು ಮುದ್ದೆ, ಕೋಳಿಸಾರು.

ಮೂಳೆ ಚೀಪುತ್ತಾ, “ಅಯ್ಯೋ, ಆ ನಾತ ಇನ್ನೂ ಮೂಗ್ನಲ್ಲೇ ಐತೆ ಕಣಪ್ಪ. ಸಾರು ಇನ್ನೊಂದೀಟು ಬುಡು ಅಮ್ಮಿ,” ಅಂದಳು. ಅವಳ ಗಲ್ಲದ ಮೇಲೆ ಜಿಡ್ಡು ಇಳಿಯುತ್ತಿತ್ತು.

ಇಂದ್ರಮ್ಮನಿಗೆ ಮತ್ತೆ ಗಂಟಲಿಗೆ ಬಂತು. ಹುಣ್ಣು ಕಂಡು ಹೀಗಾಗುವುದು ನಿಂತು ಎಷ್ಟೋ ದಿನವಾಗಿತ್ತು.

ಸೌಟು ಕೆಳಗಿಟ್ಟು ಕೊಟ್ಟಿಗೆಗೆ ಹೋದಳು. ಅತ್ತೆಯನ್ನು ಗೋಡೆಗೊರಗಿಸಿ ಕೂರಿಸಿ, ಹಗ್ಗದ ಮಂಚವನ್ನು ನಡುಮನೆಗೆ ಎಳೆದು ತಂದಳು; ಇದ್ದಲಿನ ಮಂಕರಿಯನ್ನು ಅದರಡಿ ತಳ್ಳಿದಳು. ಕಡೆಗೆ, ಎಳೆಮಗುವಿನಷ್ಟೇ ಹಗುರವಾಗಿದ್ದ ಅತ್ತೆಯನ್ನು ಎತ್ತಿ ತಂದು ಮಲಗಿಸಿದಳು.

“ಏನೇ ಇದು? ಉಣ್ಣೋ ಜಾಗ ಕಣೇ!” ಮಾಯಣ್ಣ ಕಿರುಚಿದ.

“ನೀನು ಹೇತಿದ್ದನ್ನ ಅವ್ವ ಬಳ್ದಿದ್ದೂ ಇಲ್ಲೇಯ. ಆಗ ಉಣ್ಣೋ ಜಾಗ ಆಗಿರ್ನಿಲ್ವಾ?”

ತಿಮ್ಮಮ್ಮನಿಗೆ ಬಸ್ಸಿನ ಹೊತ್ತಾಯಿತು. ಮಾಯಣ್ಣ ತಟ್ಟೆ ಹಿಡಿದು ಹೊರಗೆ ಹೋದ.

ಅತ್ತೆಗೆ ಗಂಜಿ ಕುಡಿಸುತ್ತಾ ಇಂದ್ರಮ್ಮ ಹಿತ್ತಿಲ ಬಾಗಿಲಾಚೆ ನೋಡಿದಳು. ಕೊಟ್ಟಿಗೆಯಲ್ಲಿ ಹಸಿ ಸಗಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನೊಣ ಓಡಿಸುತ್ತಾ, ಅವನು ಮುದ್ದೆ ನುಂಗುತ್ತಿದ್ದ.

“ಉಣ್ತಾವ್ನಾ?” ಸಿದ್ದಲಿಂಗಮ್ಮ ಕೇಳಿದಳು.

“ಚೆಂದಾಗೇ ಉಣ್ತಾವ್ನೆ ಕಣತ್ತೆ.”

“ಸಾರು ಸಾಲ್ದೇನೋ. ತಗಂಡೋಗಿ ಒಂದೀಟು ಬುಡವ್ವ.”

ಇಂದ್ರಮ್ಮ ಏಳಲಿಲ್ಲ. ಇನ್ನೊಂದು ಚಮಚ ಗಂಜಿಯನ್ನು ಊದಿ ಆರಿಸಿ, ಅತ್ತೆಯ ಬಾಯಿಗೆ ಹಿಡಿದಳು.